ಲಿಫ್ಟಣ್ಣನನ್ನು ಮೇಲೆ ತಂದದ್ದು

ಮಗ ಮತ್ತೆ ಮತ್ತೆ ಲಿಫ್ಟಿನ ಗುಂಡಿ ಒತ್ತಿದ. ದೀಪ ಹತ್ತಲಿಲ್ಲ. ಅವನ ಬೆನ್ನ ಹಿಂದೆ ಶವದ ಗಾಡಿಯ ಡ್ರೈವರೂ ಗ್ರೀಸಣ್ಣನೂ ಸ್ಟ್ರೆಚರಿನ ಎರಡು ತುದಿ ಹಿಡಿದು ನಿಂತಿದ್ದರು. ಅದರ ಮೇಲೆ ಆಸ್ಪತ್ರೆಯ ಬಿಳಿ ಬಟ್ಟೆಯೊಳಗೆ ಮಲಗಿದ್ದವನು ಅವನ ಅಪ್ಪ. ಈ ಕಟ್ಟಡಕ್ಕೆ ಲಿಫ್ಟು ಕೂರಿಸಿದವನು, ಕೂರಿಸಿದಂದಿನಿಂದ ಅದರ ಕೆಮ್ಮು ನೆಗಡಿಯನ್ನೆಲ್ಲ ನೋಡಿಕೊಂಡವನು. ಕಟ್ಟಡದವರಿಗೆಲ್ಲ ಲಿಫ್ಟಣ್ಣ. ಯಾರ ಮನೆಯ ಫ್ರಿಜ್ಜು ಮೇಲೆ ಹೋಗಬೇಕಾದರೂ ಲಿಫ್ಟಣ್ಣ, ಯಾರ ಮಗು ಒಳಗೆ ಸಿಕ್ಕಿಕೊಂಡು ಕಿರುಚಿದರೂ ಲಿಫ್ಟಣ್ಣ.

“ಕರೆಂಟಿಲ್ವಾ?” ಎಂದ ಡ್ರೈವರ್.

ತಲೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಮಗ ಅದನ್ನು ನೋಡಿದ, ಡ್ರೈವರನ್ನು ನೋಡಿದ. ಆಮೇಲೆ ಗೋಡೆಗೆ ಅಂಟಿಸಿದ್ದ ಕಾಗದ ಅವನ ಕಣ್ಣಿಗೆ ಬಿತ್ತು. ಸ್ವಚ್ಛತಾ ಕಾರ್ಯದ ನಿಮಿತ್ತ ಲಿಫ್ಟ್ ಸ್ಥಗಿತಗೊಳಿಸಲಾಗಿದೆ, ನಿವಾಸಿಗಳು ಸಹಕರಿಸಬೇಕು. ಕೆಳಗೆ ನಿವಾಸಿಗಳ ಸಂಘದ ಕಾರ್ಯದರ್ಶಿಯ ಸಹಿ. ಅಂಟು ಇನ್ನೂ ಹಸಿಯಾಗಿತ್ತು.

ಗ್ರೀಸಣ್ಣ ಡ್ರೈವರಿನ ಜೊತೆ ಸ್ಟ್ರೆಚರನ್ನು ಮೆಲ್ಲಗೆ ನೆಲಕ್ಕಿಳಿಸಿದ. ಅವನು ಲಿಫ್ಟಣ್ಣನ ಜೊತೆಗಾರ. ಒಬ್ಬ ತಾರಸಿಯ ಮೋಟಾರು ಕೋಣೆಯಲ್ಲಿ, ಇನ್ನೊಬ್ಬ ಕೆಳಗಿನ ಗುಂಡಿಯಲ್ಲಿ ನಿಂತು ಪರಸ್ಪರ ಕೂಗಿಕೊಂಡೇ ಇಬ್ಬರೂ ತಲೆ ಹಣ್ಣು ಮಾಡಿಕೊಂಡಿದ್ದರು. ಹಾಗಾಗಿ ಗ್ರೀಸಣ್ಣನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ.

“ಮೈನ್ ಸ್ವಿಚ್ ಇಳಿಸಿದಾರೆ,” ಎಂದು ಅವನು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಹೇಳಿದ. “ಮೀಟರ್ ರೂಮಿಗೆ ಬೀಗ ಬೇರೆ.”

ಅದನ್ನು ಕೇಳಿಸಿಕೊಂಡೇ ಎಂಬಂತೆ ಕಾರ್ಯದರ್ಶಿ ಮೆಟ್ಟಿಲಿಳಿದು ಬಂದ. ಎರಡನೇ ಮಹಡಿಯವನು, ಹಿಂದೆ ವಿಮಾ ಕಚೇರಿಯಲ್ಲಿದ್ದವನು. ಬಾಯಿಗೆ ಮಾಸ್ಕು, ಕೈಯಲ್ಲಿ ಸ್ಯಾನಿಟೈಸರ್ ಬಾಟಲಿ. ಸ್ಟ್ರೆಚರಿನಿಂದ ಸಾಕಷ್ಟು ದೂರ ನಿಂತು ಕೈ ಮುಗಿದ. ಲಿಫ್ಟಣ್ಣ ದೇವರಂಥ ಮನುಷ್ಯ ಎಂದ, ಹಬ್ಬ ಹುಣ್ಣಿಮೆ ನೋಡದೆ ಕರೆದಾಗಲೆಲ್ಲ ಬಂದವನು ಎಂದ. ಈ ಹೊಗಳಿಕೆಯ ಹಿಂದೆ ‘ಆದರೆ’ ಒಂದು ಕಾದು ಕೂತಿದೆ ಎಂದು ಮಗನಿಗೆ ಗೊತ್ತಿತ್ತು. ಅದು ಬಂತು.

“ಆದ್ರೆ ಗ್ರೂಪಲ್ಲಿ ಫೋಟೋ ಬಂದ್ಮೇಲೆ ನಾನು ಕೈಕಟ್ಟಿ ಕೂತ್ಕೊಳ್ಳೋಕಾಗುತ್ತೇನಪ್ಪ?”

“ಯಾವ ಫೋಟೋ?”

ಕಾರ್ಯದರ್ಶಿ ಫೋನು ತೆಗೆದು ದೂರದಿಂದಲೇ ತೋರಿಸಿದ. ಆಸ್ಪತ್ರೆಯಲ್ಲಿ ಅಪ್ಪನ ಕೋಣೆಯ ಬಾಗಿಲಿಗೆ ನೇತುಹಾಕಿದ್ದ ಹಳದಿ ಫಲಕ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ, ಗೌನು ಗ್ಲೌಸಿಲ್ಲದೆ ಒಳಗೆ ಪ್ರವೇಶವಿಲ್ಲ. ಅದರ ಕೆಳಗೆ ಸೋದರಮಾವನ ಸಂದೇಶ: ಭಾವನವರು ತೀರಿಕೊಂಡಿದ್ದಾರೆ, ಕೊನೆಯ ಸಲ ನೋಡಲು ಮನೆಗೆ ತರುತ್ತಿದ್ದೇವೆ, ಬರುವವರು ದಯವಿಟ್ಟು ಮುಟ್ಟಬೇಡಿ. ಕೊನೆಗೆ ಮುಗಿದ ಕೈಗಳ ಚಿತ್ರ, ಸಾಲಾಗಿ.

ಸೋದರಮಾವ ಆ ಹೊತ್ತಿಗೆ ಏದುಸಿರು ಬಿಡುತ್ತ ನಾಲ್ಕನೇ ಮಹಡಿಯಿಂದ ಇಳಿದು ಬಂದಿದ್ದ. ಮಗನ ಮುಖ ನೋಡಿ ಕೊನೆಯ ಮೆಟ್ಟಿಲಲ್ಲೇ ನಿಂತ.

“ಜನಕ್ಕೆ ತೊಂದ್ರೆ ಆಗ್ಬಾರ್ದು ಅಂತ ಹಾಕ್ದೆ ಕಣೋ,” ಎಂದ. “ಜವಾಬ್ದಾರಿ ಅಂತ ಒಂದಿರುತ್ತಲ್ಲ.”

“ಊರಿಗೆ ಉಪಕಾರ ಮಾಡ್ಬೇಡ ಅಂತ ಹಿರಿಯರು ಸುಮ್ನೆ ಹೇಳಿಲ್ಲ,” ಎಂದ ಗ್ರೀಸಣ್ಣ. ಗಾದೆಯ ಉಳಿದರ್ಧ ಹೆಣದ ವಿಷಯವಾದ್ದರಿಂದ ಅದನ್ನು ನುಂಗಿಕೊಂಡ.

* * *

ಲಿಫ್ಟಣ್ಣನಿಗೆ ಬಂದದ್ದು ರಕ್ತದ ಕ್ಯಾನ್ಸರು. ಪ್ರತಿ ಸುತ್ತು ಕೀಮೋ ಕೊಟ್ಟಾಗಲೂ ಮೈಯೊಳಗಿನ ಬಿಳಿ ರಕ್ತಕಣಗಳು ನೆಲಕಚ್ಚುತ್ತವೆ, ಅವು ಮತ್ತೆ ಏಳುವ ತನಕ ಸಣ್ಣದೊಂದು ಜ್ವರವೂ ಜೀವ ಕೊಂಡೊಯ್ಯಬಹುದು ಎಂದು ವೈದ್ಯೆ ಹೇಳಿದ್ದಳು. ಅದಕ್ಕೇ ಜ್ವರ ಬರುವ ಮೊದಲೇ ದಿನಾ ಬೆಳಿಗ್ಗೆ ಒಂದು ಆಂಟಿಬಯಾಟಿಕ್ ಮಾತ್ರೆ.

ಈ ಮಾತು ಲಿಫ್ಟಣ್ಣನಿಗೆ ಬಹಳ ಹಿಡಿಸಿತ್ತು. ಅವನ ಇಡೀ ವೃತ್ತಿಯೇ ಅದು. ಹಗ್ಗ ಸವೆಯುವ ಮೊದಲೇ ಬದಲಾಯಿಸು, ಕೀರಲು ಶುರುವಾಗುವ ಮೊದಲೇ ಎಣ್ಣೆ ಬಿಡು. ಅವನು ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಲು ಹೆಂಡತಿ ಬಿಡುತ್ತಲೂ ಇರಲಿಲ್ಲ. ನೀರಿನ ಲೋಟ ಹಿಡಿದು, ಗಂಟಲು ಇಳಿದು ಏರುವುದನ್ನು ಕಣ್ಣಾರೆ ನೋಡಿಯೇ ಅವಳು ಅಡುಗೆಮನೆಗೆ ಹೋಗುತ್ತಿದ್ದಳು. ಮೊದಲ ಸುತ್ತಿನಲ್ಲಿ ಜ್ವರ ಬರಲಿಲ್ಲ. ಎರಡನೆಯದರಲ್ಲೂ ಬರಲಿಲ್ಲ. ಮೂರನೆಯದಕ್ಕೆ ಆಸ್ಪತ್ರೆ ಸೇರಿದಾಗ ನರ್ಸು ಕರುಳಿನ ಬ್ಯಾಕ್ಟೀರಿಯಾ ಪರೀಕ್ಷೆಗೆಂದು ಹತ್ತಿ ಸುತ್ತಿದ ಕಡ್ಡಿ ತಂದು ಮಗ್ಗುಲಾಗಿ ಮಲಗಲು ಹೇಳಿದಳು. ಎಲ್ಲಿಗೆ ಎಂದು ತಿಳಿದ ಮೇಲೆ ಲಿಫ್ಟಣ್ಣ, ತಾಯಿ, ನಾನು ಲಿಫ್ಟಿನ ಗುಂಡಿಯೊಳಗೆ ಟಾರ್ಚ್ ಬಿಟ್ಟವನೇ ಹೊರತು ನನ್ನೊಳಗೆ ಯಾರೂ ಬಿಟ್ಟಿರಲಿಲ್ಲ ಎಂದಿದ್ದ. ನರ್ಸು ನಗು ತಡೆಯಲಾರದೆ ಕಡ್ಡಿ ಬೀಳಿಸಿ ಇನ್ನೊಂದು ತರಬೇಕಾಯಿತು.

ಆ ಕಡ್ಡಿಯ ಫಲಿತಾಂಶ ಬಂದ ದಿನ ಅವನನ್ನು ಕಾರಿಡಾರಿನ ತುದಿಯ ಕೋಣೆಗೆ ಹಾಕಿ ಬಾಗಿಲಿಗೆ ಹಳದಿ ಫಲಕ ತೂಗುಬಿಟ್ಟರು. ಮಗ ಟೈರ್ ಅಂಗಡಿಯಿಂದ ಕೈಯ ಕಪ್ಪು ತೊಳೆಯದೆ ಓಡಿಬಂದು ವೈದ್ಯೆಯನ್ನು ಹಿಡಿದ. ಇದು ಎಲ್ಲಿಂದ ಅಂಟಿತು, ಯಾರು ತಂದರು, ಪಕ್ಕದ ಹಾಸಿಗೆಯವನಾ, ಆಸ್ಪತ್ರೆಯ ಊಟವಾ, ತಾನಾ.

ಯಾರೂ ತಂದಿಲ್ಲದೆಯೂ ಇರಬಹುದು ಎಂದಳು ವೈದ್ಯೆ. ವಯಸ್ಸಿನಲ್ಲಿ ಚಿಕ್ಕವಳು, ನಿದ್ದೆ ಕಂಡು ಎಷ್ಟೋ ದಿನವಾದ ಕಣ್ಣು. ಎಲ್ಲರ ಕರುಳಲ್ಲೂ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತವೆ, ಒಳ್ಳೆಯವು ಕೆಟ್ಟವು ಒಟ್ಟಿಗೆ. ಮಾತ್ರೆ ಸಾಯುವಂಥವನ್ನೆಲ್ಲ ಸಾಯಿಸಿತು. ಮಾತ್ರೆಗೆ ಜಗ್ಗದ ನಾಲ್ಕಾರು ಉಳಿದುಕೊಂಡವು. ಈಗ ಜಾಗವೆಲ್ಲ ಅವುಗಳದ್ದೇ.

“ಅಂದ್ರೆ ನೀವು ಕೊಟ್ಟ ಮಾತ್ರೆಯಿಂದ್ಲೇ. ಬೇಲೀನೇ ಎದ್ದು ಹೊಲ ಮೇಯ್ತು ಅನ್ನಿ.”

“ಹಾಗಲ್ಲ. ಆ ಮಾತ್ರೆ ಇಲ್ದೇ ಇದ್ದಿದ್ರೆ ಮೊದಲನೇ ಸುತ್ತಲ್ಲೇ ಕಳ್ಕೋತಿದ್ವೇನೋ.”

“ಏನೋ?”

“ಏನೋ,” ಎಂದಳು ವೈದ್ಯೆ. ತಪ್ಪಿಸಿಕೊಳ್ಳಲು ನೋಡಲಿಲ್ಲ. “ಖಂಡಿತ ಅಂತ ಹೇಳೋಕೆ ನನಗೆ ಬರಲ್ಲ.”

ಜಗಳವಾಡಲು ಬಂದವನಿಗೆ ಎದುರಾಳಿಯೇ ಸಿಗದಿದ್ದರೆ ಹೇಗಾಗುತ್ತದೋ ಹಾಗಾಯಿತು ಮಗನಿಗೆ. ಗೋಡೆಗೆ ಒದೆಯಬೇಕು ಅನ್ನಿಸಿತು. ಒಳಗೆ ಹೋಗಲು ಗೌನು ತೊಟ್ಟ, ಗ್ಲೌಸು ಎಳೆದುಕೊಂಡ, ಒಂದು ಹರಿಯಿತು, ಇನ್ನೊಂದು ತೆಗೆದ, ಅದೂ ಹರಿಯಿತು. ಅಪ್ಪ ಹಾಸಿಗೆಯಿಂದ ನೋಡುತ್ತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ಒಟ್ಟಲ್ಲಿ ಬಾಡಿಗೆ ಸರಿಯಾಗಿ ಕೊಡ್ತಿದ್ದೋರನ್ನೆಲ್ಲ ಓಡ್ಸಿದೀವಿ,” ಎಂದ. “ರೌಡಿಗಳು ಮಾತ್ರ ಖಾಲಿ ಮಾಡಿಲ್ಲ.”

ಅದೇ ವಾರ ಮೂಳೆಮಜ್ಜೆಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಣ ಒಂದೂ ಕಾಣಲಿಲ್ಲ. ಕ್ಯಾನ್ಸರು ಸೋತಿತ್ತು. ವಾರ್ಡಿನವರು ಬಂದು ಅಭಿನಂದನೆ ಹೇಳಿ ಹೋದರು, ಗ್ಲೌಸಿನ ಕೈಯಿಂದ ಕೈಕುಲುಕಿ. ಆಮೇಲೆ ಜ್ವರ ಬಂತು. ಕೀಮೋದಿಂದ ತೆಳ್ಳಗಾಗಿದ್ದ ಕರುಳಿನ ಗೋಡೆ ದಾಟಿ ರೌಡಿಗಳು ರಕ್ತಕ್ಕಿಳಿದಿದ್ದವು. ಒಂದು ಔಷಧಿ ಹತ್ತಲಿಲ್ಲ, ಇನ್ನೊಂದು ಹತ್ತಲಿಲ್ಲ. ಹತ್ತಬಹುದಾಗಿದ್ದ ಮೂರನೆಯದನ್ನು ಕಿಡ್ನಿ ತಾಳಲಿಲ್ಲ.

* * *

ಕಾರ್ಯದರ್ಶಿಗೆ ಇದನ್ನೆಲ್ಲ ಮಗ ನಿಂತಲ್ಲೇ ಹೇಳಿದ. ಆ ಬ್ಯಾಕ್ಟೀರಿಯಾ ಗಾಳಿಯಲ್ಲಿ ಹಾರುವುದಿಲ್ಲ. ಗಟ್ಟಿಮುಟ್ಟಾದವರ ಹೊಟ್ಟೆಗೆ ಹೋದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮುಟ್ಟಿದವರು ಸೋಪು ಹಾಕಿ ಕೈ ತೊಳೆದರೆ ಸಾಕು. ಅಪ್ಪನನ್ನು ಬಟ್ಟೆಯಲ್ಲಿ ಸುತ್ತಿದ್ದಾರೆ, ಅವನು ಎದ್ದು ಗೋಡೆ ಮುಟ್ಟುವುದಿಲ್ಲ.

ಕಾರ್ಯದರ್ಶಿ ಎಲ್ಲದಕ್ಕೂ ತಲೆಯಾಡಿಸಿದ. ಕೊನೆಗೆ, ನೀನು ಡಾಕ್ಟರಾ ಎಂದು ಕೇಳಿದ.

ಎಂಟನೇ ತರಗತಿಗೇ ಶಾಲೆ ಬಿಟ್ಟವನಿಗೆ ಈ ಪ್ರಶ್ನೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅವನು ಆಸ್ಪತ್ರೆಗೆ ಫೋನು ಮಾಡಿ ಸ್ಪೀಕರು ಒತ್ತಿದ. ಒಂದು ಹೆಣ್ಣು ದನಿ ಹೊಸ ರೋಗಿಗಳಾಗಿದ್ದರೆ ಒಂದನ್ನು ಒತ್ತಲು ಹೇಳಿತು. ಹಳೆಯ ರೋಗಿಗಳಿಗೆ ಎರಡು. ಸತ್ತ ರೋಗಿಗಳಿಗೆ ಯಾವ ಅಂಕಿಯೂ ಇರಲಿಲ್ಲ. ಎರಡನ್ನು ಒತ್ತಿದ. ಸಂಗೀತ ಬಂತು. ಸ್ಟ್ರೆಚರಿನ ಸುತ್ತ ನಿಂತವರೆಲ್ಲ ಆ ಸಂಗೀತವನ್ನು ತಲೆತಗ್ಗಿಸಿ ಕೇಳಿದರು. ದನಿಯೊಂದು ರೋಗಿಯ ಸಂಖ್ಯೆ ಕೇಳಿ, ಅವರು ಡಿಸ್ಚಾರ್ಜ್ ಆಗಿದ್ದಾರೆ, ಈಗ ಹೇಗಿದ್ದಾರೆ ಎಂದು ವಿಚಾರಿಸಿತು. ಮಗ ಫೋನನ್ನು ನೆಲಕ್ಕೆ ಬಡಿಯದಂತೆ ಗ್ರೀಸಣ್ಣ ಅವನ ಮಣಿಕಟ್ಟು ಹಿಡಿದುಕೊಂಡ. ಅಂತೂ ವಾರ್ಡಿನ ನರ್ಸು ಸಿಕ್ಕಳು. ಮಗ ಹೇಳಿದ್ದನ್ನೇ ಅವಳೂ ಹೇಳಿದಳು. ಸೋಪು, ನೀರು, ಅಷ್ಟೇ.

“ಬರೆದು ಕೊಡ್ತಾರಾ?” ಎಂದ ಕಾರ್ಯದರ್ಶಿ.

ಬರೆಯುವುದಾದರೆ ಡಾಕ್ಟರೇ ಬರೆಯಬೇಕು, ಡಾಕ್ಟರು ರೌಂಡ್ಸಿನಲ್ಲಿದ್ದಾರೆ, ಸಂಜೆ ಬನ್ನಿ ಎಂದಳು ನರ್ಸು.

“ಸಂಜೆ ತನಕ ನಂಗಾಗಲ್ಲ,” ಎಂದ ಡ್ರೈವರ್. ಚಿತಾಗಾರದಲ್ಲಿ ಮಧ್ಯಾಹ್ನದ ಪಾಳಿ ಕೊಟ್ಟಿದ್ದರು. ಆ ಪಾಳಿ ತಪ್ಪಿದರೆ ನಾಳೆ, ನಾಳೆಯ ತನಕ ಹೆಣ ಎಲ್ಲಿಡುತ್ತೀರಿ ಎಂಬುದು ಅವನ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಆ ದಿನ ಎಲ್ಲರ ಬಳಿಯೂ ಒಂದೊಂದು ನ್ಯಾಯವಾದ ಮಾತಿತ್ತು, ಅದೇ ತಲೆ ಚಿಟ್ಟು ಹಿಡಿಸುತ್ತಿತ್ತು.

ಸೋದರಮಾವ ಮೆಲ್ಲಗೆ, ಇಲ್ಲಿಂದಲೇ ಹೋಗಿಬಿಡೋಣ, ಅಕ್ಕನಿಗೆ ವೀಡಿಯೊ ಕಾಲ್ ಮಾಡಿ ತೋರಿಸೋಣ ಎಂದ.

“ಮಾವ,” ಎಂದ ಮಗ, “ನೀವು ಆ ಫೋನು ಜೇಬಿಗೆ ಹಾಕ್ಕೊಳ್ಳಿ. ಇವತ್ತಿಡೀ ಅದನ್ನ ಆಚೆ ತೆಗೀಬೇಡಿ.”

* * *

ಅವನ ಅಮ್ಮ ನಾಲ್ಕನೇ ಮಹಡಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಸೊಂಟದ ಮೂಳೆ ಮುರಿದು ಒಳಗೆ ಕಬ್ಬಿಣ ಹಾಕಿದ್ದರು.

ಹಳದಿ ಫಲಕ ನೋಡಿದ ದಿನದಿಂದ ಅವಳಿಗೆ ಒಂದೇ ಧ್ಯಾನವಾಗಿತ್ತು. ಗಂಡ ಮನೆಗೆ ಬರುವ ಹೊತ್ತಿಗೆ ಮನೆಯಲ್ಲಿ ಒಂದು ಹುಳವೂ ಇರಬಾರದು. ಹುಳ ಅವನೊಳಗೇ ಇದೆ, ಮನೆಯಲ್ಲಲ್ಲ ಎಂದು ಮಗ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಕ್ಕಸಿನ ನೆಲವನ್ನು ಬ್ಲೀಚಿಂಗ್ ಹಾಕಿ ಬೆಳಿಗ್ಗೆ ಉಜ್ಜಿದಳು, ಸಂಜೆ ಉಜ್ಜಿದಳು, ಕೈಯ ಸಿಪ್ಪೆ ಎದ್ದರೂ ಉಜ್ಜಿದಳು. ಆ ಒದ್ದೆ ನೆಲದ ಮೇಲೆಯೇ ಜಾರಿ ಬಿದ್ದಳು.

ಅದಕ್ಕೆ ಮುಂಚೆ ಆಸ್ಪತ್ರೆಗೆ ಹೋದಾಗಲೆಲ್ಲ ಅವಳು ಗ್ಲೌಸು ಹಾಕಿಕೊಂಡೇ ಗಂಡನ ಹಣೆ ಮುಟ್ಟಿದ್ದಳು. ಜ್ವರ ಇದೆಯೋ ಇಲ್ಲವೋ ಗೊತ್ತೇ ಆಗಲ್ಲ, ಪ್ಲಾಸ್ಟಿಕ್ಕೇ ಬೆಚ್ಚಗಿರುತ್ತೆ ಎಂದು ಮಗನ ಹತ್ತಿರ ಗೊಣಗಿದ್ದಳು. ಒಮ್ಮೆ ಗ್ಲೌಸು ತೆಗೆಯಲು ಹೋದಾಗ ಲಿಫ್ಟಣ್ಣನೇ ಬೈದಿದ್ದ. ಮನೆಗೆ ಬಂದ ಮೇಲೆ ಎಷ್ಟು ಬೇಕಾದರೂ ಮುಟ್ಟುವಿಯಂತೆ ಎಂದಿದ್ದ. ಅವಳು ಬಿದ್ದ ಮೇಲೆ ಅವನನ್ನು ನೋಡಲೇ ಇಲ್ಲ.

ಈ ದಿನ ಬೆಳಿಗ್ಗೆ ಸುದ್ದಿ ಕೇಳಿದಾಗ ಅವಳು ಅತ್ತು ಮುಗಿಸಿ ಹೇಳಿದ್ದು ಒಂದೇ ಮಾತು.

“ಮನೆಗೆ ಬರ್ತೀನಿ ಅಂದಿದ್ರು. ಕರ್ಕೊಂಡ್ ಬಾ.”

ಲಿಫ್ಟು ನಿಂತಿದೆ ಎಂದು ಗೊತ್ತಾದ ಮೇಲೆ ಅವಳನ್ನೇ ಇಳಿಸಲು ನೋಡಿದರು. ಮಗ ಮತ್ತು ಸೋದರಮಾವ ಕುರ್ಚಿ ಸಮೇತ ಎತ್ತಿ ಮೆಟ್ಟಿಲಿಗೆ ತಂದರು. ಆ ಕಟ್ಟಡದ ಮೆಟ್ಟಿಲಿನ ತಿರುವು ಬೆಕ್ಕು ತಿರುಗುವಷ್ಟಿತ್ತು, ಸ್ಟ್ರೆಚರಂತೂ ಹಾಯುವ ಹಾಗೇ ಇರಲಿಲ್ಲ. ಮೊದಲ ತಿರುವಿನಲ್ಲೇ ಅವಳ ಕಾಲು ಕಂಬಿಗೆ ಬಡಿಯಿತು. ಅವಳು ಕೂಗಿದ ಕೂಗಿಗೆ ಎಲ್ಲ ಮಹಡಿಗಳ ಬಾಗಿಲು ತೆರೆದವು, ಏನೆಂದು ತಿಳಿದು ಮುಚ್ಚಿಕೊಂಡವು. ಮತ್ತೆ ಮೇಲೆ ಒಯ್ದು ಕೂರಿಸಿದರು. ಬೆವರು ಒರೆಸಿಕೊಳ್ಳುತ್ತ ಅವಳು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಮಗನಿಗೆ ಎಷ್ಟೋ ಹಗುರವಾಗುತ್ತಿತ್ತು.

* * *

ಮಗ ಕೆಳಗೆ ಬಂದು ಕಾರ್ಯದರ್ಶಿಯ ಮುಂದೆ ನಿಂತ. ಬೀಗದ ಕೈ ಕೊಡಿ ಎಂದು ಕೈ ಚಾಚಿದ. ಕಾರ್ಯದರ್ಶಿ ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ತಾಗಿದ. ಗೋಡೆಗೆ ತಾಗಿದ ಅಂಗೈಗೆ ಸ್ಯಾನಿಟೈಸರ್ ಹಾಕಿಕೊಂಡ. ಆಮೇಲೆ ಮಾಸ್ಕು ಕೆಳಗೆಳೆದ.

“ನನ್ನ ಹೆಂಡ್ತಿಗೆ ಬೇರೆ ಕಿಡ್ನಿ ಹಾಕ್ಸಿ ವರ್ಷ ಆಗಿಲ್ಲ ಕಣಪ್ಪ. ದಿನಾ ತಗೊಳ್ಳೋ ಮಾತ್ರೆಯಿಂದ ಅವಳ ಮೈಯಲ್ಲೂ ರೋಗ ತಡೆಯೋ ಶಕ್ತಿ ಇಲ್ಲ. ನಿಮ್ಮಪ್ಪನಿಗೆ ಆದದ್ದು ಅವಳಿಗಾದ್ರೆ ನಾನು ಯಾರ್ನ ಕೇಳ್ಲಿ? ಅವಳು ಓಡಾಡೋದು ಇದೇ ಲಿಫ್ಟಲ್ಲಿ.”

ಮಗ ಹೊಡೆಯಲು ಎತ್ತಿದ ಕೈಗೆ ಮತ್ತೆ ಗಾಳಿಯೇ ಸಿಕ್ಕಿದ ಹಾಗಾಯಿತು. ಇವನ ಮೇಲೂ ಸಿಟ್ಟು ಮಾಡುವಂತಿಲ್ಲ. ವೈದ್ಯೆಯ ಮೇಲೆ ಮಾಡುವಂತಿಲ್ಲ, ಮಾತ್ರೆಯ ಮೇಲೆ ಮಾಡುವಂತಿಲ್ಲ. ಕಣ್ಣಿಗೆ ಕಾಣದ ಹುಳಕ್ಕಂತೂ ಬೈಗುಳ ತಿಳಿಯುವುದಿಲ್ಲ. ಅವನ ಸಿಟ್ಟಿಗೆ ಈ ಲೋಕದಲ್ಲಿ ಕೂರಲು ಒಂದು ಕುರ್ಚಿಯೂ ಇರಲಿಲ್ಲ.

“ಆಮೇಲೆ ನಾನೇ ಒರೆಸ್ತೀನಿ ಸರ್,” ಎಂದ. ದನಿ ಅವನಿಗೇ ಹೊಸದಾಗಿತ್ತು. “ಸೋಪ್ ಹಾಕಿ, ಮೇಲಿಂದ ಕೆಳಗೆ. ನೀವು ನಿಂತು ನೋಡಿ. ನಿಮಗೆ ಸಾಕು ಅನ್ಸೋವರ್ಗೂ ಒರೆಸ್ತೀನಿ.”

ಕಾರ್ಯದರ್ಶಿ ಬೀಗದ ಕೈ ಕೊಡಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲ.

ಗ್ರೀಸಣ್ಣ ಇಷ್ಟೂ ಹೊತ್ತು ಲಿಫ್ಟಿನ ಬಾಗಿಲ ಗಾಜಿಗೆ ಮುಖವಿಟ್ಟು ಒಳಗೆ ನೋಡುತ್ತಿದ್ದ. ಪೆಟ್ಟಿಗೆ ಕೆಳಗಿನ ಮಹಡಿಯಲ್ಲೇ ನಿಂತಿತ್ತು.

“ಕರೆಂಟ್ ಬೇಡ ಬಿಡು,” ಎಂದ. “ಮೋಟಾರ್ ರೂಮಿನ ಕೀ ನನ್ನ ಹತ್ರಾನೇ ಐತೆ. ಬ್ರೇಕ್ ಸಡಿಲ ಮಾಡಿ ಚಕ್ರ ಕೈಯಲ್ಲಿ ತಿರುಗಿಸ್ತೀನಿ. ಜನ ಸಿಕ್ಕಾಕ್ಕೊಂಡಾಗ ಮಾಡೋದೂ ಅದನ್ನೇ ಅಲ್ವಾ.”

ಮಗ ನಂಬದೆ ನೋಡಿದ. ನಾಲ್ಕು ಮಹಡಿ, ಕೈಯಲ್ಲಿ?

“ಇನ್ನೊಂದು ಕಡೆ ತೂಕದ ಕಲ್ಲು ನೇತಾಡ್ತಾ ಇರುತ್ತಲ್ಲ. ಪೆಟ್ಟಿಗೇಲಿ ಭಾರ ಕಮ್ಮಿ ಇದ್ರೆ ಕಲ್ಲೇ ಕೆಳಗಿಳೀತಾ ಪೆಟ್ಟಿಗೇನ ಮೇಲೆ ಎಳ್ಕೊಳ್ಳುತ್ತೆ. ಇಬ್ಬರಿದ್ರೆ ಸಲೀಸು. ಮೂರನೆಯವ್ರು ಹತ್ತಿದ್ರೆ ನನ್ನ ರಟ್ಟೆ ಕಿತ್ತೋಗುತ್ತೆ.” ಅವನು ಸ್ಟ್ರೆಚರಿನ ಕಡೆ ನೋಡಿದ. “ಇಬ್ಬರು ಅಂದ್ರೆ ನೀನು, ಅವನು.”

ಬ್ರೇಕು ಹಿಡಿಯಲು ಇನ್ನೊಬ್ಬರು ಬೇಕಿತ್ತು. ಗ್ರೀಸಣ್ಣ ಸೋದರಮಾವನ ತೋಳು ಹಿಡಿದು ಮೆಟ್ಟಿಲ ಕಡೆ ನಡೆಸಿದ. ತನಗೆ ಗ್ರೀಸು ಆಗಿಬರುವುದಿಲ್ಲ, ಅಂಗಿ ಹೊಸದು, ಎತ್ತರಕ್ಕೆ ತಲೆಸುತ್ತು ಎಂದು ಅವನು ಹೇಳುತ್ತಿದ್ದದ್ದು ಮೊದಲ ತಿರುವಿನ ತನಕ ಕೇಳಿಸಿತು. ಹೋಗುವಾಗ ಅಕ್ಕನ ಕುರ್ಚಿಯನ್ನು ಲಿಫ್ಟಿನ ಬಾಗಿಲಿಗೆ ಎಳೆದು ಇಟ್ಟು ಹೋಗಬೇಕೆಂದು ಮಗ ಕೂಗಿ ಹೇಳಿದ.

ಸ್ಟ್ರೆಚರು ಆ ಪೆಟ್ಟಿಗೆಯಲ್ಲಿ ಹಿಡಿಸುವ ಮಾತೇ ಇರಲಿಲ್ಲ. ನಿಲ್ಲಿಸಿಕೊಂಡೇ ಹೋಗಬೇಕು, ನನಗೇನು ಹೊಸದಲ್ಲ ಎಂದ ಡ್ರೈವರ್. ಮೈ ಸೆಟೆದಿದೆ, ನಿಲ್ಲುತ್ತಾರೆ, ನೀವು ಕಂಕುಳ ಕೆಳಗೆ ಕೈ ಹಾಕಿ ಎದೆಗೆ ಒತ್ತಿಕೊಳ್ಳಿ, ಸಾಕು. ಮಗ ಜಾಲರಿ ಬಾಗಿಲು ಸರಿಸಿ ಒಳಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತ. ಡ್ರೈವರು ಅಪ್ಪನನ್ನು ಅವನ ತೋಳಿಗೆ ಒಪ್ಪಿಸಿದ, ಮುಖದ ಮೇಲಿನ ಬಟ್ಟೆ ಬಿಡಿಸಿದ, ಜಾಲರಿ ಎಳೆದ. ಹೊರಬಾಗಿಲು ಮುಚ್ಚುವಾಗ ಮಗನಿಗೆ ಕೊನೆಗೆ ಕಂಡದ್ದು ಕಾರ್ಯದರ್ಶಿ. ಅವನು ಬಾಟಲಿಯನ್ನು ನೆಲದ ಮೇಲಿಟ್ಟು ಮತ್ತೆ ಕೈ ಮುಗಿದಿದ್ದ.

ಒಳಗೆ ಕತ್ತಲೆ. ಅಪ್ಪ ಇಷ್ಟು ಹಗುರವಾದದ್ದು ಯಾವಾಗ ಎಂದು ಮಗನಿಗೆ ತಿಳಿಯಲಿಲ್ಲ. ಮೇಲೆಲ್ಲೋ ಕಬ್ಬಿಣ ಕಟಕ್ ಎಂದಿತು. ಗ್ರೀಸಣ್ಣ ಸೋದರಮಾವನಿಗೆ ಹಿಡಿ, ಬಿಡು, ಹಿಡಿ ಮಾರಾಯ ಎನ್ನುತ್ತಿದ್ದದ್ದು ಕೊಳವೆಯೊಳಗಿಂದ ಬಂದಂತೆ ಕೇಳಿಸಿತು. ಪೆಟ್ಟಿಗೆ ಒಮ್ಮೆ ಕುಲುಕಿತು. ಆಮೇಲೆ ಸದ್ದೇ ಇಲ್ಲದೆ ಏರತೊಡಗಿತು. ಒಂದೊಂದು ಮಹಡಿಯ ಬಾಗಿಲ ಗಾಜು ಬಂದಾಗಲೂ ಸ್ವಲ್ಪ ಬೆಳಕು ಅಪ್ಪನ ನೆತ್ತಿಯ ಮೇಲೆ ಬಿದ್ದು ಕೆಳಗಿಳಿದು ಹೋಗುತ್ತಿತ್ತು. ಎರಡನೇ ಮಹಡಿಯ ಗಾಜಿನಾಚೆ ಕಾರ್ಯದರ್ಶಿಯ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಇವರನ್ನು ಕಂಡು ಸೆರಗು ಕೆಳಗಿಳಿಸಿದಳು.

ನಾಲ್ಕನೇ ಮಹಡಿಯ ಗಾಜು ಇನ್ನೂ ಪೂರ್ತಿ ಎದುರಿಗೆ ಬರುವ ಮುಂಚೆಯೇ ಪೆಟ್ಟಿಗೆ ನಿಂತಿತು. ಮಗ ಒಂದು ಕೈಯಲ್ಲಿ ಅಪ್ಪನನ್ನು ತಬ್ಬಿಕೊಂಡು, ಇನ್ನೊಂದರಲ್ಲಿ ಜಾಲರಿ ಸರಿಸಿ ಹೊರಬಾಗಿಲಿನ ಕೊಂಡಿ ಎತ್ತಿ ಪಕ್ಕಕ್ಕೆ ತಳ್ಳಿದ. ಪೆಟ್ಟಿಗೆಯ ನೆಲ ಮಹಡಿಯ ನೆಲಕ್ಕಿಂತ ಮೊಣಕಾಲುದ್ದ ಕೆಳಗಿತ್ತು.

“ಸಮ ಆಯ್ತಾ?” ಎಂದು ಮೇಲಿನಿಂದ ಗ್ರೀಸಣ್ಣ ಕೂಗಿದ. “ಇನ್ನೂ ಒಂಚೂರು ಏರಿಸ್ಲಾ?”

ಮಗ ಉತ್ತರಿಸಲು ಬಾಯಿ ತೆರೆದ. ಎದುರಿಗೆ, ಬಾಗಿಲಿಗೆ ಒತ್ತಿ ಇಟ್ಟ ಕುರ್ಚಿಯ ಮೇಲೆ ಅಮ್ಮ ಕೂತಿದ್ದಳು. ಎದ್ದು ನಿಲ್ಲಲಾರದ, ಬಗ್ಗಲಾರದ ಅವಳ ಮುಖಕ್ಕೆ ಸರಿಯಾಗಿ ಅಪ್ಪನ ಮುಖ ಬಂದು ನಿಂತಿತ್ತು.

“ಬೇಡ ಗ್ರೀಸಣ್ಣ,” ಎಂದ. “ಇಲ್ಲೇ ಇರ್ಲಿ.”

ಅಮ್ಮ ಅಳಲಿಲ್ಲ. ಬರಿಗೈಯನ್ನು ಗಂಡನ ಹಣೆಯ ಮೇಲೆ ಇಟ್ಟು ಬಹಳ ಹೊತ್ತು ಇಟ್ಟುಕೊಂಡೇ ಇದ್ದಳು, ಮಗುವಿನ ಜ್ವರ ನೋಡುವವರ ಹಾಗೆ. ಕೆನ್ನೆಯ ಮೇಲೆ ಆಕ್ಸಿಜನ್ ಕೊಳವೆ ಹಿಡಿದಿದ್ದ ಟೇಪಿನ ಅಂಟು ಉಳಿದು ಕಪ್ಪಾಗಿತ್ತು. ಅವಳು ಅದನ್ನು ಉಗುರಿನಿಂದ ಕೆರೆದಳು. ಹೋಗಲಿಲ್ಲ. ಸೆರಗಿನ ಚುಂಗಿನಿಂದ ತಿಕ್ಕಿದಳು. ಹೋಗಲಿಲ್ಲ. ಆಮೇಲೆ ಹೆಬ್ಬೆರಳನ್ನು ಬಾಯಿಗಿಟ್ಟು, ಎಂಜಲಿನಿಂದ ಒದ್ದೆ ಮಾಡಿಕೊಂಡು, ಮೆಲ್ಲಗೆ ಒರೆಸತೊಡಗಿದಳು.